ಬಡ್ತಿ ತೀರ್ಮಾನವಾಗುವುದು ಕಂಪನಿ ಕಮಾಂಡಿನಲ್ಲೇ

ಸೇನೆಗೆ ಅಧಿಕಾರಿಯಾಗಿ ಸೇರುವುದು ಹೇಗೆ ಎಂಬುದರ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆದಿದ್ದಾರೆ. ಎನ್‌ಡಿಎ, ಸಿಡಿಎಸ್ ಪರೀಕ್ಷೆಗೆ ಓದುವುದು ಹೇಗೆ, ಬೆಂಗಳೂರಿನ ಸೆಲೆಕ್ಷನ್ ಸೆಂಟರಿನಲ್ಲಿ ಐದು ದಿನ ಏನೇನು ನಡೆಯುತ್ತದೆ, ಎಲ್ಲ ಸಿಗುತ್ತದೆ. ಹೆಗಲ ಮೇಲೆ ಎರಡು ನಕ್ಷತ್ರ ಬಂದ ಮೇಲಿನ ಮೂವತ್ತು ವರ್ಷದ ಬಗ್ಗೆ ಮಾತ್ರ ಬಿಡಿಸಿ ಹೇಳುವವರು ಕಡಿಮೆ. ನಾನು ಇನ್‌ಫೆಂಟ್ರಿ ಅಂದರೆ ಕಾಲಾಳು ಪಡೆಯವನು, ಬ್ರಿಗೇಡಿಯರ್ ಆಗಿ ನಿವೃತ್ತನಾದವನು. ಫಿರಂಗಿ ದಳ, ಇಂಜಿನಿಯರ್ಸ್, ಸಿಗ್ನಲ್ಸ್‌ನಲ್ಲಿ ಹುದ್ದೆಗಳ ಹೆಸರು ಬೇರೆ ಇರಬಹುದು, ಲೆಕ್ಕಾಚಾರ ಒಂದೇ. ಈಗ ಕ್ಯಾಪ್ಟನ್, ಮೇಜರ್ ಆಗಿರುವ ನಮ್ಮ ಕಡೆಯ ಹುಡುಗರಿಗೂ ಹುಡುಗಿಯರಿಗೂ, ಕಂಪನಿ ಎಂಬ ಸಣ್ಣ ತುಕಡಿಯನ್ನು ನಡೆಸುವ ವರ್ಷಗಳಲ್ಲೇ ಮುಂದಿನ ಬಡ್ತಿ ತೀರ್ಮಾನವಾಗುತ್ತದೆ ಎಂಬುದು ಈಗಲೇ ಗೊತ್ತಿರಬೇಕು. ಕರ್ನಲ್ ಹುದ್ದೆಗೆ ಆಯ್ಕೆ ಮಾಡುವ ಬೋರ್ಡ್ ಹತ್ತಿರ ಬಂದ ವರ್ಷ ಗೊತ್ತಾದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಏಣಿಯ ಕೆಳಗಿನ ಅರ್ಧ ಸುಲಭ. ಕಮಿಷನ್ ಆದ ದಿನ ಲೆಫ್ಟಿನೆಂಟ್, 2 ವರ್ಷಕ್ಕೆ ಕ್ಯಾಪ್ಟನ್, 6 ವರ್ಷಕ್ಕೆ ಮೇಜರ್, 13 ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್. ಇವು ಕಾಲ ತುಂಬಿದರೆ ಬರುವ ಬಡ್ತಿಗಳು. ನಡುವೆ ಪಾರ್ಟ್ ಬಿ, ಪಾರ್ಟ್ ಡಿ ಪರೀಕ್ಷೆ ಪಾಸಾಗಿರಬೇಕು, ಅಷ್ಟೆ. ಕಾರ್ಗಿಲ್ ಯುದ್ಧದ ನಂತರ ಬೆಟಾಲಿಯನ್ ಕಮಾಂಡರುಗಳ ವಯಸ್ಸು ಇಳಿಯಬೇಕು ಎಂದು ಅಜಯ್ ವಿಕ್ರಮ್ ಸಿಂಗ್ ಸಮಿತಿ ಮಾಡಿದ ಶಿಫಾರಸಿನಿಂದ, 2004ರ ಡಿಸೆಂಬರಿನಲ್ಲಿ ಈ ಕಾಲಮಿತಿ ಜಾರಿಗೆ ಬಂತು. ಅಲ್ಲಿಂದ ಮೇಲಿನದೆಲ್ಲ ಆಯ್ಕೆ. ಕರ್ನಲ್ ಹುದ್ದೆಗೆ ನಂಬರ್ 3 ಸೆಲೆಕ್ಷನ್ ಬೋರ್ಡ್, ಬ್ರಿಗೇಡಿಯರ್‌ಗೆ ನಂಬರ್ 2, ಮೇಜರ್ ಜನರಲ್‌ಗೆ ನಂಬರ್ 1, ಲೆಫ್ಟಿನೆಂಟ್ ಜನರಲ್‌ಗೆ ಸ್ಪೆಷಲ್ ಸೆಲೆಕ್ಷನ್ ಬೋರ್ಡ್. ಪ್ರತಿ ಬೋರ್ಡಿನಲ್ಲೂ ಒಬ್ಬ ಅಧಿಕಾರಿಗೆ ಮೂರು ಅವಕಾಶ: ತನ್ನ ಬ್ಯಾಚಿನ ಜೊತೆ ಮೊದಲ ಸಲ, ಆಮೇಲೆ ಫಸ್ಟ್ ರಿವ್ಯೂ, ಕೊನೆಗೆ ಫೈನಲ್ ರಿವ್ಯೂ. ಮೂರರಲ್ಲೂ ಹೆಸರು ಬರದಿದ್ದರೆ ಆ ದರ್ಜೆಯಲ್ಲೇ ನಿಲುಗಡೆ. ಕರ್ನಲ್ ಬೋರ್ಡಿನಲ್ಲಿ ಆಯ್ಕೆಯಾಗದವರು 26 ವರ್ಷ ಸೇವೆಗೆ ಟೈಮ್ ಸ್ಕೇಲ್ ಕರ್ನಲ್ ಆಗುತ್ತಾರೆ. ಸಂಬಳ ಏರುತ್ತದೆ, ಬೆಟಾಲಿಯನ್ ಕಮಾಂಡ್ ಸಿಗುವುದಿಲ್ಲ. ನಿವೃತ್ತಿ ವಯಸ್ಸೂ ದರ್ಜೆಯನ್ನೇ ಹಿಡಿದು ಹೋಗುತ್ತದೆ: ಕರ್ನಲ್ 54, ಬ್ರಿಗೇಡಿಯರ್ 56, ಮೇಜರ್ ಜನರಲ್ 58, ಲೆಫ್ಟಿನೆಂಟ್ ಜನರಲ್ 60. ಮನೆ ಸಾಲ, ಮಕ್ಕಳ ಓದು ಲೆಕ್ಕ ಹಾಕುವಾಗ 60 ಎಂದು ಹಿಡಿಯಬೇಡಿ, 54 ಎಂದೇ ಹಿಡಿಯಿರಿ. ಇನ್ನೊಂದು ಸಂಗತಿ ಮನೆಯವರಿಗೆ ಗೊತ್ತಿರುವುದಿಲ್ಲ: ತಿಂಗಳಿಗೆ 15,500 ರೂಪಾಯಿಯ ಮಿಲಿಟರಿ ಸರ್ವಿಸ್ ಪೇ ಬ್ರಿಗೇಡಿಯರ್ ದರ್ಜೆಯವರೆಗೆ ಮಾತ್ರ. ಮೇಜರ್ ಜನರಲ್ ಆದ ದಿನ ಅದು ನಿಲ್ಲುತ್ತದೆ.

ಈಗ ಮುಖ್ಯ ವಿಷಯ. ಬೋರ್ಡ್ ಕುಳಿತಾಗ ನಿಮ್ಮನ್ನು ಯಾರೂ ಕರೆದು ಮಾತಾಡಿಸುವುದಿಲ್ಲ. ಸದಸ್ಯರ ಮುಂದಿರುವುದು ನಿಮ್ಮ ಸೇವೆಯ ಸಾರಾಂಶ ಹಾಳೆ, ಅದರಲ್ಲಿ ಹೆಸರೂ ಇರುವುದಿಲ್ಲ. ಒಟ್ಟು 100 ಅಂಕದಲ್ಲಿ 95 ಮೊದಲೇ ಲೆಕ್ಕವಾಗಿ ಬಂದಿರುತ್ತದೆ: ವಾರ್ಷಿಕ ಗೋಪ್ಯ ವರದಿಗಳು ಅಂದರೆ ಎಸಿಆರ್, ಕೋರ್ಸುಗಳ ದರ್ಜೆ, ಶೌರ್ಯ ಮತ್ತು ಸೇವಾ ಪದಕಗಳು. ಬೋರ್ಡಿನವರ ವಿವೇಚನೆಗೆ ಬಿಟ್ಟದ್ದು 5 ಅಂಕ. ಆ 95ರಲ್ಲಿ ಸಿಂಹಪಾಲು ಎಸಿಆರ್‌ನದು. ವರದಿಗಳಲ್ಲೂ ಎಲ್ಲಕ್ಕೂ ಒಂದೇ ತೂಕವಿಲ್ಲ. ಕ್ರೈಟೀರಿಯಾ ಅಪಾಯಿಂಟ್‌ಮೆಂಟ್ ಎಂದು ಕರೆಯುವ ಹುದ್ದೆಯಲ್ಲಿ ಬಂದ ವರದಿಗೆ ತೂಕ ಹೆಚ್ಚು. ಇನ್‌ಫೆಂಟ್ರಿಯಲ್ಲಿ ಮೇಜರ್‌ಗೆ ಆ ಹುದ್ದೆ ರೈಫಲ್ ಕಂಪನಿ ಕಮಾಂಡ್. ಅಂದರೆ ಸೇವೆಯ 6ನೇ ವರ್ಷದಿಂದ 14ನೇ ವರ್ಷದೊಳಗೆ, ಸುಮಾರು 120 ಜನರ ಒಂದು ಕಂಪನಿಯನ್ನು ನೀವು ಹೇಗೆ ನಡೆಸಿದಿರಿ ಎಂಬುದೇ ಮುಂದೆ 800 ಜನರ ಬೆಟಾಲಿಯನ್ ಸಿಗುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ. ಡೆಲ್ಲಿಯಲ್ಲಿ ಒಳ್ಳೆಯ ಸ್ಟಾಫ್ ಹುದ್ದೆ, ಅಂದರೆ ಕಚೇರಿ ಕೆಲಸ, ಸಿಕ್ಕಿತೆಂದು ಕಂಪನಿ ಕಮಾಂಡನ್ನು ಅರ್ಧಕ್ಕೆ ಬಿಟ್ಟು ಹೋದವರು ಬೋರ್ಡಿನ ಹೊತ್ತಿಗೆ ಕ್ರೈಟೀರಿಯಾ ವರದಿ ಸಾಲದೆ ಒದ್ದಾಡುತ್ತಾರೆ. ಪೋಸ್ಟಿಂಗ್ ಬಂದಾಗ ಮೊದಲು ಎಣಿಸಬೇಕಾದದ್ದು ಈ ಹುದ್ದೆಯಲ್ಲಿ ಎಷ್ಟು ತಿಂಗಳಾಯಿತು, ಎಷ್ಟು ವರದಿ ಬಂತು ಎಂದು. ಊರು ಯಾವುದು, ಕ್ವಾರ್ಟರ್ಸ್ ಹೇಗಿದೆ ಎಂಬುದು ಆಮೇಲೆ.

ಎಸಿಆರ್ ಎಂಬ ಕಾಗದ

ವರದಿ ಬರೆಯುವವರು ಮೂವರು. ಇನಿಶಿಯೇಟಿಂಗ್ ಆಫೀಸರ್, ರಿವ್ಯೂಯಿಂಗ್ ಆಫೀಸರ್, ಸೀನಿಯರ್ ರಿವ್ಯೂಯಿಂಗ್ ಆಫೀಸರ್. ಕಂಪನಿ ಕಮಾಂಡರ್‌ಗೆ ಕ್ರಮವಾಗಿ ಬೆಟಾಲಿಯನ್ನಿನ ಸಿಒ ಅಂದರೆ ಕಮಾಂಡಿಂಗ್ ಆಫೀಸರ್, ಬ್ರಿಗೇಡ್ ಕಮಾಂಡರ್, ಡಿವಿಷನ್ನಿನ ಮುಖ್ಯಸ್ಥ ಜಿಒಸಿ. ಒಂದೊಂದು ಗುಣಕ್ಕೂ 9ರಿಂದ 1ರವರೆಗೆ ಅಂಕ, ಕೊನೆಗೆ ಒಟ್ಟಾರೆ ಬಾಕ್ಸ್ ಗ್ರೇಡಿಂಗ್, ಜೊತೆಗೆ ಮಾತಿನಲ್ಲಿ ಬರೆಯುವ ಪೆನ್ ಪಿಕ್ಚರ್. 9 ಎಂದರೆ ಔಟ್‌ಸ್ಟ್ಯಾಂಡಿಂಗ್, 8 ಮತ್ತು 7 ಅಬೌ ಆವರೇಜ್. ಹೊರಗಿನವರಿಗೆ 7 ಒಳ್ಳೆಯ ಅಂಕ ಎನಿಸುತ್ತದೆ. ಬಡ್ತಿಯ ಪೈಪೋಟಿಯಲ್ಲಿ ಬಾಕ್ಸ್ ಗ್ರೇಡಿಂಗ್ 7 ಬಂದ ಒಂದು ಕ್ರೈಟೀರಿಯಾ ವರದಿ ಸಾಕು, ಬ್ಯಾಚಿನಲ್ಲಿ ಬಹಳ ಕೆಳಗೆ ತಳ್ಳಿಬಿಡುತ್ತದೆ.

ಇನಿಶಿಯೇಟಿಂಗ್ ಆಫೀಸರ್ ಬರೆದ ಭಾಗವನ್ನು ನಿಮಗೆ ತೋರಿಸಿ ಸಹಿ ಪಡೆಯುತ್ತಾರೆ. ಮುಂದಿನ ದರ್ಜೆಗೆ ಯೋಗ್ಯತೆ ಹೇಗಿದೆ ಎಂಬ ಭಾಗ ಮಾತ್ರ ಗೋಪ್ಯ. ತೋರಿಸಿದಾಗ ಅಂಕ ನೋಡಿ ಖುಷಿಪಟ್ಟು ಸಹಿ ಹಾಕಿ ಎದ್ದು ಬರುವುದು ಎಲ್ಲರೂ ಮಾಡುವ ತಪ್ಪು. ನಾನು ಮೊದಲು ನೋಡುತ್ತಿದ್ದದ್ದು ತಾರೀಖುಗಳನ್ನು. ವರದಿ ಬರೆಯುವವರ ಕೈಕೆಳಗೆ ಕನಿಷ್ಠ 90 ದಿನ ವಾಸ್ತವವಾಗಿ ಹಾಜರಿದ್ದಿರಬೇಕು. ವಾರ್ಷಿಕ ರಜೆ, ಕೋರ್ಸ್, ಬೇರೆಡೆಯ ತಾತ್ಕಾಲಿಕ ಡ್ಯೂಟಿ ಎಲ್ಲ ಕಳೆದು 88 ದಿನ ಆದರೆ ಆ ವರದಿ ತಾಂತ್ರಿಕವಾಗಿ ಅಸಿಂಧು, ಬಡ್ತಿ, ಪೋಸ್ಟಿಂಗ್ ನೋಡಿಕೊಳ್ಳುವ ಮಿಲಿಟರಿ ಸೆಕ್ರೆಟರಿ ಬ್ರಾಂಚ್ ಪಕ್ಕಕ್ಕಿಡುತ್ತದೆ. ವರ್ಷವಿಡೀ ಬೆವರು ಸುರಿಸಿದ ಕೆಲಸದ ಲೆಕ್ಕ ಹಾಗೆಯೇ ಹೋಗಿಬಿಡುತ್ತದೆ. ಆದ್ದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಸಿಒ ಬದಲಾಗುವ ತಾರೀಖು, ನನ್ನ ರಜೆ, ಕೋರ್ಸ್ ಗುರುತು ಹಾಕಿಟ್ಟುಕೊಂಡು ದಿನ ಎಣಿಸುತ್ತಿದ್ದೆ. ಇದು ಸ್ವಾರ್ಥದ ಲೆಕ್ಕವಲ್ಲ, ದಫ್ತರದ ಲೆಕ್ಕ.

ಫಾರಂನ ಮೊದಲ ಭಾಗವನ್ನು ನೀವೇ ತುಂಬಬೇಕು: ಹುದ್ದೆಯ ತಾರೀಖು, ಕೋರ್ಸ್, ಎತ್ತರ, ತೂಕ, ವೈದ್ಯಕೀಯ ದರ್ಜೆ. ಇಲ್ಲಿ ಬರೆದ ತಾರೀಖು ಪಾರ್ಟ್ ಟೂ ಆರ್ಡರ್ ಎಂಬ ಅಧಿಕೃತ ದಾಖಲೆಯಲ್ಲಿ ಪ್ರಕಟವಾದ ತಾರೀಖಿಗೆ ಹೊಂದಲೇಬೇಕು. ಕಂಪನಿ ಕಮಾಂಡ್ ವಹಿಸಿಕೊಂಡದ್ದು ಪಾರ್ಟ್ ಟೂ ಆರ್ಡರಿನಲ್ಲಿ ಬಾರದೇ ಇದ್ದರೆ ದಾಖಲೆಯ ಪ್ರಕಾರ ನೀವು ಆ ಕಂಪನಿಯಲ್ಲಿ ಇರಲೇ ಇಲ್ಲ. ಸಂಬಳ ಭತ್ಯೆಗಳ ತೊಡಕೂ ಇಲ್ಲಿಂದಲೇ ಹುಟ್ಟುತ್ತದೆ, ಏಕೆಂದರೆ ಅಧಿಕಾರಿಗಳ ಸಂಬಳದ ಲೆಕ್ಕ ಇಡುವ ಪುಣೆಯ ಪಿಸಿಡಿಎ ಕಚೇರಿ ನೋಡುವುದು ಈ ಆರ್ಡರುಗಳನ್ನೇ. ಮೂರು ತಿಂಗಳಿಗೊಮ್ಮೆ ಹೆಡ್ ಕ್ಲರ್ಕ್ ಪಕ್ಕ ಕುಳಿತು ನನ್ನ ಆರ್ಡರುಗಳನ್ನು ಒಂದೊಂದಾಗಿ ಟಿಕ್ ಹಾಕುವುದನ್ನು ಕೊನೆಯವರೆಗೂ ಬಿಡಲಿಲ್ಲ.

ಅಂಕಕ್ಕೂ ಮಾತಿಗೂ ತಾಳೆ ಇರಬೇಕು. ಎಲ್ಲ ಗುಣಕ್ಕೂ 9 ಕೊಟ್ಟು, ಪೆನ್ ಪಿಕ್ಚರಿನಲ್ಲಿ ‘ಪ್ರಾಮಾಣಿಕ, ಶ್ರಮಜೀವಿ, ಕೊಟ್ಟ ಕೆಲಸ ಮಾಡುತ್ತಾನೆ’ ಎಂದಷ್ಟೇ ಬರೆದರೆ, ಓದುವವರಿಗೆ ಅಂಕದ ಮೇಲೆ ನಂಬಿಕೆ ಬರುವುದಿಲ್ಲ. ನಾನು ಸಿಒ ಆಗಿ ವರದಿ ಬರೆಯುವ ಸರದಿ ಬಂದಾಗ ಪ್ರತಿ ಅಧಿಕಾರಿಗೂ ಒಂದು ತೆಳ್ಳನೆ ಪುಸ್ತಕ ಇಟ್ಟಿದ್ದೆ. ತಿಂಗಳ ಕೊನೆಗೆ ನಾಲ್ಕು ಸಾಲು: ಯಾವ ತಾರೀಖು, ಯಾವ ಕೆಲಸ, ಫಲ ಏನು. ವರ್ಷಾಂತ್ಯದಲ್ಲಿ ಪೆನ್ ಪಿಕ್ಚರ್ ಬರೆಯಲು ಕುಳಿತರೆ ವಿಶೇಷಣ ಹುಡುಕಬೇಕಿಲ್ಲ. ‘ಒಳ್ಳೆಯ ತರಬೇತುದಾರ’ ಎನ್ನುವ ಬದಲು, ‘ಇವನ ಕಂಪನಿಯ ಫೈರಿಂಗ್‌ನಲ್ಲಿ ಫೇಲಾದವರ ಸಂಖ್ಯೆ ವರ್ಷದೊಳಗೆ 22ರಿಂದ 3ಕ್ಕೆ ಇಳಿಯಿತು’ ಎಂಬಂಥ ಸಾಲು ಬರೆಯಬಹುದು. ಅಂಥ ಒಂದು ಸಾಲು ಹತ್ತು ವಿಶೇಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಕೊರತೆ ಕಂಡರೆ ವರ್ಷದ ಮಧ್ಯದಲ್ಲೇ ಕರೆದು ಹೇಳಿ, ಹೇಳಿದ್ದನ್ನು ಬರೆದಿಡಿ. ಒಂದು ಮಾತೂ ಆಡದೆ ಡಿಸೆಂಬರಿನಲ್ಲಿ 7 ಬರೆಯುವುದು ಅನ್ಯಾಯ.

ಈ ವರದಿಗಳನ್ನು ಹಗುರವಾಗಿ ಬರೆದರೆ ಏನಾಗುತ್ತದೆ ಎಂಬುದು ಮಹಿಳಾ ಅಧಿಕಾರಿಗಳ ವಿಷಯದಲ್ಲಿ ಇಡೀ ದೇಶಕ್ಕೆ ಗೊತ್ತಾಯಿತು. 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ಅವರಿಗೆ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಸೇವೆಯ, ಹಾದಿ ತೆರೆಯಿತು. ಮರುವರ್ಷ ಮಾರ್ಚಿನ ತೀರ್ಪಿನಲ್ಲಿ ಕೋರ್ಟ್ ಎತ್ತಿ ತೋರಿಸಿದ್ದು ಇದನ್ನೇ: ಇವರು ಹೇಗೂ ಮೇಲಕ್ಕೆ ಹೋಗುವವರಲ್ಲ ಎಂಬ ಭಾವನೆಯಿಂದ ಆಗಿನ ವರದಿಗಳನ್ನು ಅಸಡ್ಡೆಯಿಂದ ಬರೆದಿದ್ದರು, ಈಗ ಅದೇ ವರದಿಗಳಿಂದ ಅವರನ್ನು ಅಳೆಯಲಾಗುತ್ತಿದೆ. 2023ರಲ್ಲಿ 108 ಕರ್ನಲ್ ಹುದ್ದೆಗಳಿಗೆ ಅವರಿಗಾಗಿ ವಿಶೇಷ ಬೋರ್ಡ್ ನಡೆಯಿತು. ಕೈಕೆಳಗಿನ ಯಾವ ಅಧಿಕಾರಿಯ ವರದಿ ಬರೆಯುವಾಗಲೂ, ಈತ ಅಥವಾ ಈಕೆ ಮುಂದೆ ಜನರಲ್ ಆಗಬಹುದು ಎಂದುಕೊಂಡೇ ಬರೆಯಬೇಕು.

ವರದಿಯಲ್ಲಿ ಅನ್ಯಾಯವಾಗಿದ್ದರೆ ದಾರಿ ಇದೆ. ಮೊದಲು ನಾನ್‌ಸ್ಟ್ಯಾಚುಟರಿ ದೂರು, ಆಮೇಲೆ ಆರ್ಮಿ ಆಕ್ಟ್ 27ನೇ ಸೆಕ್ಷನ್ನಿನ ಪ್ರಕಾರ ಕೇಂದ್ರ ಸರ್ಕಾರಕ್ಕೆ ಸ್ಟ್ಯಾಚುಟರಿ ದೂರು, ಅಲ್ಲೂ ಆಗದಿದ್ದರೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್. ಇಂಥ ದೂರುಗಳನ್ನು ಕಿರಿಯರು ತಂದು ತೋರಿಸಿದಾಗ ನಾನು ಕಂಡ ದೋಷ ಯಾವಾಗಲೂ ಒಂದೇ: ಇಡೀ ಬೋರ್ಡಿನ ಮೇಲೆ, ಇಡೀ ವ್ಯವಸ್ಥೆಯ ಮೇಲೆ ಆರು ಪುಟ ಸಿಟ್ಟು. ಅದರಿಂದ ಏನೂ ಸಿಗುವುದಿಲ್ಲ. ಯಾವ ವರದಿ, ಯಾವ ಅವಧಿ, ಅದರ ಹಿಂದಿನ ಮತ್ತು ಮುಂದಿನ ವರದಿಗಳಿಗೆ ಅದು ಹೇಗೆ ತಾಳೆಯಾಗುವುದಿಲ್ಲ, ಆ ಅವಧಿಯಲ್ಲಿ ಕೊರತೆಯ ಬಗ್ಗೆ ಲಿಖಿತ ಸೂಚನೆ ಬಂದಿತ್ತೇ, ಇಷ್ಟನ್ನೇ ಎರಡು ಪುಟದಲ್ಲಿ ಬರೆಯಿರಿ. ಆ ಭಾಗ ರದ್ದಾದರೆ ಬೋರ್ಡ್ ನಿಮ್ಮ ಹೆಸರನ್ನು ಹೊಸದಾಗಿ ಪರಿಶೀಲಿಸುತ್ತದೆ.

ಕಂಪನಿ ನಡೆಸಿದ ಬಗೆ

ಕಂಪನಿ ಕಮಾಂಡರ್ ಆಗಿದ್ದಾಗ ನಾನು ಇಟ್ಟಿದ್ದ ಪುಸ್ತಕದಲ್ಲಿ ಒಬ್ಬೊಬ್ಬ ಜವಾನನಿಗೆ ಒಂದೊಂದು ಪುಟ. ಊರು, ತಾಲ್ಲೂಕು, ಮನೆಯಲ್ಲಿ ಯಾರಿದ್ದಾರೆ, ಸಾಲ, ಜಮೀನಿನ ತಕರಾರು, ಕೊನೆಯ ರಜೆಯ ತಾರೀಖು, ಫೈರಿಂಗ್ ಅಂಕ, ಓಟದ ಸಮಯ, ಮುಂದಿನ ಕೋರ್ಸ್. ವಾರಕ್ಕೆ ಹತ್ತು ಪುಟ ತಿದ್ದಿದರೆ ಮೂರು ತಿಂಗಳಿಗೆ ಇಡೀ ಕಂಪನಿ ಒಮ್ಮೆ ಕೈಗೆ ಬರುತ್ತದೆ. ರಜೆಯ ಕೋರಿಕೆ ಬಂದಾಗ ಈ ಪುಟ ತೆರೆದಿಟ್ಟುಕೊಂಡೇ ಮಾತಾಡುತ್ತಿದ್ದೆ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. ಕ್ಯಾಶುಯಲ್ ರಜೆ ಡಿಸೆಂಬರ್ 31ಕ್ಕೆ ಮುಗಿದುಹೋಗುತ್ತದೆ, ಮುಂದಿನ ವರ್ಷಕ್ಕೆ ಬರುವುದಿಲ್ಲ. ಜನವರಿಯಲ್ಲೇ ರಜೆಯ ಚಾರ್ಟ್ ಹಾಕದಿದ್ದರೆ ನವೆಂಬರ್, ಡಿಸೆಂಬರಿನಲ್ಲಿ ಅರ್ಧ ಕಂಪನಿ ರಜೆ ಕೇಳುತ್ತದೆ, ಆಗ ಯಾರಿಗೆ ಇಲ್ಲವೆಂದರೂ ಮನಸ್ಸು ಕೆಡುತ್ತದೆ. ಚಾರ್ಟನ್ನು ಪ್ಲಟೂನ್ ಹವಾಲ್ದಾರರೇ ಹಾಕಲಿ, ನೀವು ತಿದ್ದಿ. ಯಾರ ಮನೆಯಲ್ಲಿ ಸುಗ್ಗಿ ಯಾವಾಗ, ಯಾರ ತಂಗಿಯ ಮದುವೆ ಯಾವಾಗ ಅವರಿಗೆ ಗೊತ್ತಿರುತ್ತದೆ. ಜಮೀನಿನ ತಕರಾರಿದ್ದರೆ ಜವಾನನ ಕೈಯಲ್ಲಿ ಚೀಟಿ ಕೊಟ್ಟು ಕಳಿಸುವುದಕ್ಕಿಂತ, ಅವನು ಊರು ಮುಟ್ಟುವ ಮೊದಲೇ ತಲುಪುವಂತೆ ಜಿಲ್ಲಾಧಿಕಾರಿಗೂ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೂ ಸರ್ವೆ ನಂಬರ್ ಸಮೇತ ಪತ್ರ ಹೋಗಬೇಕು. ಸರ್ವೆ ನಂಬರ್ ಇಲ್ಲದ ಪತ್ರಕ್ಕೆ ಉತ್ತರ ಬಂದದ್ದನ್ನು ನಾನು ಕಂಡಿಲ್ಲ.

ಫೈರಿಂಗ್ ರೇಂಜಿನಲ್ಲಿ ಅವಸರ ಮಾಡುವ ಕಂಪನಿ ಕಮಾಂಡರುಗಳು ನೇರ ಝೀರೋಯಿಂಗ್‌ಗೆ, ಅಂದರೆ ಗುರಿ ನೋಡುವ ಸೈಟ್ ಸರಿಹೊಂದಿಸುವುದಕ್ಕೆ, ಇಳಿಯುತ್ತಾರೆ. ಐದು ಗುಂಡಿನ ಗ್ರೂಪಿಂಗ್ ಮೊದಲು ಬಿಗಿಯಾಗಬೇಕು. ಐದೂ ರಂಧ್ರ ಒಂದೆಡೆ ಒತ್ತಾಗಿದ್ದು ಗುರಿಯಿಂದ ಸರಿದಿದ್ದರೆ ದೋಷ ರೈಫಲ್ಲಿನ ಸೈಟ್‌ನದು, ಅದನ್ನು ತಿರುಗಿಸಿ ಸರಿಮಾಡಬಹುದು. ರಂಧ್ರಗಳು ಚೆಲ್ಲಾಪಿಲ್ಲಿಯಾಗಿದ್ದರೆ ದೋಷ ಮನುಷ್ಯನದು: ಉಸಿರು, ಟ್ರಿಗರ್ ಜಗ್ಗುವುದು, ಎಡಗೈ ಹಿಡಿತ. ಅಂಥವನ ರೈಫಲ್ಲಿನ ಸೈಟ್ ತಿರುಗಿಸುತ್ತ ಕುಳಿತರೆ ಗುಂಡು ಖರ್ಚಾಗುತ್ತದೆ, ಸರಿಯಾಗಿದ್ದ ರೈಫಲ್ಲೂ ಕೆಡುತ್ತದೆ. ಒಂದೊಂದು ಟಾರ್ಗೆಟ್ ಕಾಗದದ ಮೇಲೂ ಹೆಸರು, ತಾರೀಖು ಬರೆಸಿ ಫೈಲಿನಲ್ಲಿಡಿ. ಮುಂದಿನ ಸಲ ಅದೇ ಕಾಗದ ಪಕ್ಕದಲ್ಲಿಟ್ಟು ತೋರಿಸಿದರೆ ಜವಾನನೇ ತನ್ನ ತಪ್ಪು ಹೇಳುತ್ತಾನೆ.

ಅಧಿಕಾರಿಯ ದೇಹವೂ ದಾಖಲೆಯ ಭಾಗ. ಪೂರ್ಣ ಆರೋಗ್ಯವಂತ ಎನ್ನುವ ಶೇಪ್ ಒನ್ ವೈದ್ಯಕೀಯ ದರ್ಜೆ ಕಳೆದುಕೊಂಡರೆ ಕೆಲವು ಹುದ್ದೆಗಳು ಕೈತಪ್ಪುತ್ತವೆ. ಮೊಣಕಾಲು, ಸೊಂಟ ಹಾಳಾಗುವುದು ಹೆಚ್ಚಾಗಿ ಸ್ಟಾಫ್ ಹುದ್ದೆಯಿಂದ ಬಂದು ಒಂದೇ ವಾರದಲ್ಲಿ ದೈಹಿಕ ಸಾಮರ್ಥ್ಯ ಪರೀಕ್ಷೆಗೆ 5 ಕಿಲೋಮೀಟರ್ ಓಡಲು ಹೋದಾಗ. ಆರು ವಾರ ಮೊದಲೇ ನಡಿಗೆಯಿಂದ ಶುರುಮಾಡಿ.

ವೆಲ್ಲಿಂಗ್ಟನ್ ಪರೀಕ್ಷೆ

ಜನರಲ್ ಕಾರ್ಯಪ್ಪನವರು 1933ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಅಧಿಕಾರಿ. ಬೆಟಾಲಿಯನ್ ಕಮಾಂಡ್ ಮಾಡಿದ ಮೊದಲ ಭಾರತೀಯರೂ ಅವರೇ, 1942ರಲ್ಲಿ. ದೇಶ ವಿಭಜನೆಯಾದ ಮೇಲೆ ನಮ್ಮ ಸ್ಟಾಫ್ ಕಾಲೇಜು ನೀಲಗಿರಿಯ ವೆಲ್ಲಿಂಗ್ಟನ್ನಿಗೆ ಬಂತು. ಇಂದಿಗೂ ಅಲ್ಲಿಯ ಕೋರ್ಸ್ ಮಾಡಿದ ಮೇಜರ್‌ಗೆ ಬ್ರಿಗೇಡ್ ಮೇಜರ್‌ನಂಥ ಒಳ್ಳೆಯ ಸ್ಟಾಫ್ ಹುದ್ದೆಗಳ ಬಾಗಿಲು ತೆರೆಯುತ್ತದೆ, ಜೊತೆಗೆ ಮದ್ರಾಸ್ ವಿಶ್ವವಿದ್ಯಾಲಯದ ಎಂಎಸ್ಸಿ ಪದವಿ.

ಪ್ರವೇಶ ಪರೀಕ್ಷೆಗೆ ನಾನು ಹತ್ತು ತಿಂಗಳು ಕೊಟ್ಟೆ. ಮೊದಲ ನಾಲ್ಕು ತಿಂಗಳು ಯುದ್ಧ ಇತಿಹಾಸ ಮತ್ತು ಮಿಲಿಟರಿ ಕಾನೂನು, ಏಕೆಂದರೆ ಇವು ನೆನಪಿನ ವಿಷಯ, ನಿಧಾನವಾಗಿ ಇಳಿಯಬೇಕು. ಉಳಿದ ಆರು ತಿಂಗಳು ದಿನ ಬಿಟ್ಟು ದಿನ ಟ್ಯಾಕ್ಟಿಕ್ಸ್, ಗಡಿಯಾರ ಎದುರಿಗಿಟ್ಟುಕೊಂಡು. ಮ್ಯಾಪ್ ಹರಡಿ, ಕಥನ ಓದಿ, ನೀಲಿ ಕೆಂಪು ಗುರುತು ಹಾಕುವುದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಕೊಡಬಾರದು. ಹೆಚ್ಚಿನವರು ಫೇಲಾಗುವುದು ಗೊತ್ತಿಲ್ಲದೆ ಅಲ್ಲ. ಅವರು ಪ್ರಶ್ನೆಯಲ್ಲಿರುವುದನ್ನೇ ಉತ್ತರದಲ್ಲಿ ಮತ್ತೆ ಬರೆಯುತ್ತಾರೆ. ‘ನದಿ 40 ಮೀಟರ್ ಅಗಲ, ದಡ ಕಡಿದು’ ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ‘ಆದ್ದರಿಂದ ಟ್ಯಾಂಕ್ ದಾಟಲು ಸೇತುವೆ ಬೇಕು, ಸೇತುವೆ ಸಾಮಗ್ರಿ ಇಂಥ ಕಡೆಯಿಂದ ರಾತ್ರಿ ಬರಬೇಕು, ಹಾಗಾಗಿ ಮೊದಲ ಬೆಳಕಿಗೆ ಮುಂಚೆ ಟ್ಯಾಂಕ್ ಆಚೆ ದಡದಲ್ಲಿರುವುದಿಲ್ಲ’ ಎಂಬಲ್ಲಿಗೆ ತಲುಪಿದವರಿಗೆ ಅಂಕ. ಪ್ರತಿ ಅಂಶವೂ ಒಂದು ‘ಆದ್ದರಿಂದ’ದಲ್ಲಿ ಮುಗಿಯಲಿ. ಅಭ್ಯಾಸದ ಉತ್ತರಗಳಲ್ಲಿ ಆ ಪದದ ಕೆಳಗೆ ಕೆಂಪು ಗೆರೆ ಎಳೆದು ಎಣಿಸುತ್ತಿದ್ದೆ. ಒಂದು ಪುಟದಲ್ಲಿ ನಾಲ್ಕಕ್ಕಿಂತ ಕಡಿಮೆ ಬಂದರೆ ಆ ಪುಟ ಮತ್ತೆ ಬರೆಯುವುದು.

ಬೆಟಾಲಿಯನ್ ವಹಿಸಿಕೊಳ್ಳುವ ಹತ್ತು ದಿನ

ಹಳೆಯ ಸಿಒ ಗೆಳೆಯನೇ ಆಗಿರುತ್ತಾನೆ, ವಿದಾಯದ ಊಟ ನಡೆಯುತ್ತಿರುತ್ತದೆ, ಕಾಗದ ಮುಂದಿಟ್ಟು ‘ಎಲ್ಲ ಸರಿಯಿದೆ’ ಎನ್ನುತ್ತಾರೆ. ಸಹಿ ಹಾಕಬೇಡಿ. ಸಹಿ ಬಿದ್ದ ಕ್ಷಣದಿಂದ ಕೊರತೆ ನಿಮ್ಮದು. ಕೋತ್‌ನಲ್ಲಿ, ಅಂದರೆ ಆಯುಧ ಇಡುವ ಕೋಣೆಯಲ್ಲಿ, ಪ್ರತಿ ಆಯುಧದ ನಂಬರನ್ನು ಲೆಡ್ಜರಿನೊಂದಿಗೆ ಒಬ್ಬ ಓದಬೇಕು, ಒಬ್ಬ ಆಯುಧ ಎತ್ತಿ ತೋರಿಸಬೇಕು. ಒಟ್ಟು ಎಣಿಕೆ ಸರಿಯಾಗಿದ್ದು ನಂಬರ್ ಅದಲುಬದಲಾಗಿರುವುದು ಉಂಟು. ಬಿಡಿಭಾಗ ಬದಲಿಸುವಾಗ ಆಗುವ ತಪ್ಪು ಅದು. ಮದ್ದುಗುಂಡಿನಲ್ಲಿ ಪೆಟ್ಟಿಗೆ ಎಣಿಸಿದರೆ ಸಾಲದು, ಲಾಟ್ ನಂಬರ್ ನೋಡಿ, ಸೀಲ್ ಒಡೆದ ಪೆಟ್ಟಿಗೆಯನ್ನು ಬಿಚ್ಚಿ ಎಣಿಸಿ. ರೆಜಿಮೆಂಟಲ್ ಫಂಡ್‌ನ ಕ್ಯಾಶ್ ಬುಕ್ಕನ್ನು ಅದೇ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್‌ಗೆ ತಾಳೆ ಹಾಕಿ; ಹಿಂದಿನ ತಿಂಗಳಿನದ್ದು ತೋರಿಸಿದರೆ ಒಪ್ಪಬೇಡಿ. ಕ್ಯಾಂಟೀನ್ ಸರಕು, ಗಾಡಿಗಳ ಲಾಗ್ ಬುಕ್, ಆಡಿಟ್ ಆಕ್ಷೇಪಣೆಗಳ ಫೈಲು. ಕೊನೆಯದಾಗಿ, ಎಲ್ಲರೂ ಮರೆಯುವುದು: ಬಾಕಿ ಇರುವ ಶಿಸ್ತಿನ ಪ್ರಕರಣಗಳು ಮತ್ತು ಕೋರ್ಟ್ ಕೇಸುಗಳ ಮುಂದಿನ ತಾರೀಖು.

ಶಿಸ್ತಿನ ಪ್ರಕರಣದಲ್ಲಿ ಸಿಒಗಳು ಎಡವುವ ಜಾಗ, ನಡೆದದ್ದನ್ನು ತಿಳಿಯಲು ಮಾಡುವ ಆಂತರಿಕ ವಿಚಾರಣೆ ಅಂದರೆ ಕೋರ್ಟ್ ಆಫ್ ಎನ್‌ಕ್ವಯರಿ. ಆರ್ಮಿ ರೂಲ್ 180 ಹೇಳುವುದು ಸ್ಪಷ್ಟ: ವಿಚಾರಣೆಯಿಂದ ಯಾರ ನಡತೆಗೆ ಅಥವಾ ಸೈನಿಕ ಹೆಸರಿಗೆ ಕುಂದು ಬರಬಹುದೋ ಅವನು ಪೂರ್ತಿ ವಿಚಾರಣೆಯಲ್ಲಿ ಹಾಜರಿರಬೇಕು, ಸಾಕ್ಷಿಗಳನ್ನು ಪ್ರಶ್ನಿಸಲು, ತನ್ನ ಸಾಕ್ಷಿ ತರಲು ಅವಕಾಶ ಇರಬೇಕು. ನಡೆಯುವುದು ಹೀಗೆ: ವಿಚಾರಣೆ ಸುಮ್ಮನೆ ಸಂಗತಿ ತಿಳಿಯಲೆಂದು ಶುರುವಾಗುತ್ತದೆ, ಎಂಟನೇ ಸಾಕ್ಷಿಯ ಹೊತ್ತಿಗೆ ಬೆರಳು ಒಬ್ಬನ ಕಡೆ ತಿರುಗುತ್ತದೆ, ಆಗ ಅವನನ್ನು ಒಳಗೆ ಕರೆಯುತ್ತಾರೆ. ಹಿಂದಿನ ಏಳು ಹೇಳಿಕೆ ಅವನ ಬೆನ್ನ ಹಿಂದೆ ಆದಂತಾಯಿತು. ವರ್ಷಗಳ ಮೇಲೆ ಇಡೀ ಪ್ರಕರಣ ಇದೊಂದೇ ಕಾರಣಕ್ಕೆ ಬಿದ್ದುಹೋಗುತ್ತದೆ. ಅಧ್ಯಕ್ಷತೆ ವಹಿಸುವ ಅಧಿಕಾರಿಗೆ ಮೊದಲ ದಿನವೇ ಒಂದು ಹಾಳೆ ಕೊಟ್ಟು, ಯಾರ ಮೇಲೆ ಬರಬಹುದು ಎಂದು ಬರೆಯಲು ಹೇಳುತ್ತಿದ್ದೆ. ಅನುಮಾನ ಇದ್ದರೆ ಹಾಜರಿರಲಿ. ನಡುವೆ ಹೊಸ ಹೆಸರು ಬಂದರೆ ಹಿಂದಿನ ಸಾಕ್ಷಿಗಳನ್ನೆಲ್ಲ ಮತ್ತೆ ಕರೆಸಬೇಕು, ಎಷ್ಟೇ ತಡವಾದರೂ. ಇಲ್ಲಿ ಕೊಟ್ಟ ಹೇಳಿಕೆ ಕೋರ್ಟ್ ಮಾರ್ಷಲ್ಲಿನಲ್ಲಿ ಸಾಕ್ಷ್ಯವಾಗುವುದಿಲ್ಲ ಎಂಬುದೂ ನೆನಪಿರಲಿ. ರೂಲ್ 22ರ ಪ್ರಕಾರ ಆಪಾದನೆಯನ್ನು ಸಿಒ ತಾನೇ ಕೇಳಬೇಕು, ರೂಲ್ 23ರ ಪ್ರಕಾರ ಸಾಕ್ಷ್ಯದ ಸಾರಾಂಶ ಬೇರೆಯಾಗಿ ದಾಖಲಾಗಬೇಕು. ಕೋರ್ಟ್ ಮಾರ್ಷಲ್ಲಿಗೆ ಮೂರು ವರ್ಷದ ಗಡುವೂ ಇದೆ. ಸಮ್ಮರಿ ಕೋರ್ಟ್ ಮಾರ್ಷಲ್ಲಿನಲ್ಲಿ ಲೆಫ್ಟಿನೆಂಟ್ ಕರ್ನಲ್ ಮತ್ತು ಮೇಲಿನ ದರ್ಜೆಯ ಸಿಒ ಒಬ್ಬನೇ ಒಂದು ವರ್ಷದವರೆಗೆ ಜೈಲು ವಿಧಿಸಬಹುದು. ಅಷ್ಟು ದೊಡ್ಡ ಅಧಿಕಾರ ಒಬ್ಬ ಮನುಷ್ಯನ ಕೈಯಲ್ಲಿರುವಾಗ ವಿಧಿವಿಧಾನದ ಒಂದು ಮೆಟ್ಟಿಲನ್ನೂ ದಾಟಿ ಹೋಗಬಾರದು. ಜವಾನನ ಪಿಂಚಣಿ, ಅವನ ಮನೆಯ ಒಲೆ ಅದರ ಮೇಲೆ ನಿಂತಿರುತ್ತದೆ.

ಬೆಟಾಲಿಯನ್ ಎತ್ತರದ ಪ್ರದೇಶಕ್ಕೆ ಹೋಗುವಾಗ ಅವಸರ ಪ್ರಾಣ ತೆಗೆಯುತ್ತದೆ. 2,700 ಮೀಟರಿನಿಂದ 3,600ರವರೆಗೆ 6 ದಿನ, 3,600ರಿಂದ 4,500ಕ್ಕೆ 4 ದಿನ, ಅದಕ್ಕೂ ಮೇಲೆ ಮತ್ತೆ 4 ದಿನ. ಮೊದಲ ಎರಡು ದಿನ ವಿಶ್ರಾಂತಿ ಎಂದರೆ ವಿಶ್ರಾಂತಿಯೇ, ಸಾಮಾನು ಇಳಿಸುವ ಕೆಲಸ ಕೂಡ ಇಲ್ಲ. ಶ್ವಾಸಕೋಶದಲ್ಲಿ ನೀರು ತುಂಬುವ ಕಾಯಿಲೆ ಹೆಚ್ಚಾಗಿ ತಗಲುವುದು ಗಟ್ಟಿಮುಟ್ಟಾದ, ‘ನನಗೇನೂ ಆಗಿಲ್ಲ ಸಾಹೇಬ್’ ಎನ್ನುವ ಹುಡುಗನಿಗೆ. ಕೆಮ್ಮು, ಏದುಸಿರು ಕಂಡ ಕೂಡಲೇ ಕೆಳಗಿಳಿಸಿ. ಉದ್ದನೆಯ ರಜೆ ಮುಗಿಸಿ ಬಯಲಿನಿಂದ ಬಂದವನಿಗೂ ಈ ಮೆಟ್ಟಿಲು ಮತ್ತೆ ಹತ್ತಿಸಬೇಕು. ಆದ್ದರಿಂದ ರಜೆಯ ಚಾರ್ಟ್ ಹಾಕುವಾಗಲೇ ಆ ದಿನಗಳನ್ನೂ ಸೇರಿಸಿ ಲೆಕ್ಕ ಹಾಕಿ, ಇಲ್ಲದಿದ್ದರೆ ಪೋಸ್ಟಿನಲ್ಲಿ ಜನ ಸಾಲದೆ ಅವನನ್ನು ಬೇಗ ಹತ್ತಿಸುವ ಒತ್ತಡ ಬರುತ್ತದೆ.

ಬ್ರಿಗೇಡ್ ಮತ್ತು ಮೇಲೆ

ಬ್ರಿಗೇಡ್ ಕಮಾಂಡರ್ ಆದವನಿಗೆ ಬರುವ ದೊಡ್ಡ ಆಸೆ ಮತ್ತೊಮ್ಮೆ ಬೆಟಾಲಿಯನ್ ನಡೆಸುವುದು. ಮೂವರು ಸಿಒಗಳ ತಲೆಯ ಮೇಲೆ ಕುಳಿತು ಸೆಕ್ಷನ್ ಪೋಸ್ಟಿನ ಬಂಕರ್ ಬಾಗಿಲು ಯಾವ ಕಡೆ ಇರಬೇಕು ಎಂದು ಹೇಳತೊಡಗಿದರೆ ಅವರು ಯೋಚಿಸುವುದನ್ನು ನಿಲ್ಲಿಸುತ್ತಾರೆ. ಬ್ರಿಗೇಡ್ ಕಮಾಂಡರ್ ನೋಡಬೇಕಾದದ್ದು ಕೆಳಗಿನವರ ಕೈಗೆ ಎಟುಕದ್ದನ್ನು: ರಸ್ತೆ, ಸೇತುವೆ, ಫಿರಂಗಿ, ಮೀಸಲು ಪಡೆ, ಸಮಯ. ಜನರಲ್ ತಿಮ್ಮಯ್ಯನವರು 1948ರ ನವೆಂಬರ್ 1ರಂದು ಕಾಶ್ಮೀರದಿಂದ ಲಡಾಖಿಗೆ ಹೋಗುವ ಝೋಜಿ ಲಾ ಕಣಿವೆಯಲ್ಲಿ ಮಾಡಿದ್ದನ್ನು ಓದಿದರೆ ಇದು ಅರ್ಥವಾಗುತ್ತದೆ. 11,000 ಅಡಿಗೂ ಮೀರಿದ ಎತ್ತರಕ್ಕೆ ಟ್ಯಾಂಕ್ ಬಂದದ್ದು ಶತ್ರುವಿಗೆ ಅನಿರೀಕ್ಷಿತ. ಆದರೆ ಅದರ ಹಿಂದೆ ಇದ್ದದ್ದು ವಾರಗಟ್ಟಲೆ ತಯಾರಿ: 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಟರೆಟ್ ಬಿಚ್ಚಿ ಗುಟ್ಟಾಗಿ ಸಾಗಿಸಿದ್ದು, ಹೇಸರಗತ್ತೆ ನಡೆಯುವ ಜಾಡನ್ನು ಸೇನೆಯ ಇಂಜಿನಿಯರುಗಳಾದ ಮದ್ರಾಸ್ ಸ್ಯಾಪರ್ಸ್ ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದ್ದು. ಆ ಸ್ಯಾಪರ್ಸ್‌ನ ಕೇಂದ್ರ ಇಂದಿಗೂ ನಮ್ಮ ಬೆಂಗಳೂರಿನಲ್ಲೇ ಇದೆ. ಜಾಡು ಅಗಲವಾಗದೆ ಟ್ಯಾಂಕ್ ಇಲ್ಲ, ಟ್ಯಾಂಕ್ ಇಲ್ಲದೆ ಝೋಜಿ ಲಾ ಇಲ್ಲ.

ಡೆಲ್ಲಿಯ ಕೇಂದ್ರ ಕಚೇರಿಯ ಕೆಲಸ ಬೇರೆಯದೇ ಲೋಕ. ಆಯುಧ ಖರೀದಿ ಡೆಸ್ಕಿನಲ್ಲಿ ಕೂತರೆ ಮೊದಲು ಗುಣಲಕ್ಷಣಗಳ ಪಟ್ಟಿ, ಆಮೇಲೆ ಅಗತ್ಯದ ಒಪ್ಪಿಗೆ, ಟೆಂಡರ್, ತಾಂತ್ರಿಕ ಪರಿಶೀಲನೆ, ಫೀಲ್ಡ್ ಟ್ರಯಲ್, ಬೆಲೆ ಮಾತುಕತೆ. ಮೊದಲ ಮೆಟ್ಟಿಲಿನಲ್ಲೇ ಕೆಲಸ ಕೆಡುವುದುಂಟು: ನಾಲ್ಕು ತಯಾರಕರ ಕರಪತ್ರದಲ್ಲಿರುವ ಒಳ್ಳೆಯದನ್ನೆಲ್ಲ ಒಂದೇ ಪಟ್ಟಿಗೆ ಸೇರಿಸಿದರೆ, ಅದಕ್ಕೆ ಹೊಂದುವ ಸಾಮಾನು ಜಗತ್ತಿನಲ್ಲೇ ಇರುವುದಿಲ್ಲ, ಟ್ರಯಲ್‌ನಲ್ಲಿ ಎಲ್ಲವೂ ಫೇಲು, ಮತ್ತೆ ಮೊದಲಿನಿಂದ. ಪ್ರತಿ ಸಾಲಿನ ಎದುರು ‘ಇದು ಇಲ್ಲದಿದ್ದರೆ ಜವಾನನಿಗೆ ಏನು ತೊಂದರೆ’ ಎಂದು ಬರೆಯಿರಿ. ಉತ್ತರ ಇಲ್ಲದ ಸಾಲನ್ನು ಹೊಡೆದು ಹಾಕಿ.

ಕಮಾಂಡ್ ಬಿಡುವ ಕಾಲಕ್ಕೆ ಎರಡು ತಿಂಗಳು ಮುಂಚೆಯೇ ಹಸ್ತಾಂತರದ ಟಿಪ್ಪಣಿ ಬರೆಯಲು ಶುರುಮಾಡುತ್ತಿದ್ದೆ. ಕೊನೆಯ ವಾರದಲ್ಲಿ ಬರೆದರೆ ಅದು ಸಾಮಾನಿನ ಪಟ್ಟಿಯಾಗುತ್ತದೆ ಅಷ್ಟೆ. ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಯಾರಿಗೆ ಯಾವ ಮಾತು ಕೊಟ್ಟಿದ್ದೇನೆ, ಯಾವ ವಿಧವೆಯ ಪಿಂಚಣಿ ಎಲ್ಲಿ ಸಿಕ್ಕಿಕೊಂಡಿದೆ, ಇವು ಮೊದಲ ಪುಟದಲ್ಲಿ. ಆಮೇಲೆ ಕ್ಯಾಲೆಂಡರ್ ತೆಗೆದು, ಕೈಕೆಳಗೆ 90 ದಿನ ಪೂರೈಸಿದ ಅಧಿಕಾರಿಗಳ ಪಟ್ಟಿ ಮಾಡಬೇಕು. ಅವರ ವರದಿಗಳನ್ನು ಹೊಸಬರು ಬರೆಯಲಾರರು. ಬಿಟ್ಟುಹೋದರೆ ಆ ಮೇಜರ್‌ನ ಒಂದು ಕ್ರೈಟೀರಿಯಾ ವರದಿ ಕಡಿಮೆಯಾಗುತ್ತದೆ, ಅವನ ಬೋರ್ಡ್ ಬಂದಾಗ ನಾವು ಎಲ್ಲೋ ದೂರದಲ್ಲಿರುತ್ತೇವೆ. ಆ ವರದಿಗಳೆಲ್ಲ ಸಹಿಯಾಗಿ, ರಿವ್ಯೂಯಿಂಗ್ ಆಫೀಸರ್ ಕಚೇರಿಯಿಂದ ಸ್ವೀಕೃತಿ ರಸೀದಿ ಕೈಗೆ ಬಂದ ಮೇಲೆಯೇ ಸಾಮಾನು ಕಟ್ಟಲು ಹೇಳುತ್ತಿದ್ದೆ.